ಅಪ್ಪನ ಹಳೇ ನೋಕಿಯಾ 5800: ದುಡ್ಡು ಹಾಕಬಹುದಾ, ಶೋಕೇಸಿಗೆ ಇಡಲಾ?

ಎಲ್ಲರಿಗೂ ನಮಸ್ಕಾರ. ಮನೆ ಬದಲಾಯಿಸುವಾಗ ಅಪ್ಪನ ಹಳೇ ನೋಕಿಯಾ 5800 ಎಕ್ಸ್‌ಪ್ರೆಸ್‌ಮ್ಯೂಸಿಕ್ ಸಿಕ್ಕಿತು. ಡಬ್ಬಿ, ಚಾರ್ಜರ್, ಹೆಡ್‌ಸೆಟ್ ಎಲ್ಲ ಇದೆ. ಚಾರ್ಜಿಗೆ ಹಾಕಿದರೆ ಆನ್ ಆಗುತ್ತದೆ, ವೈರ್ ತೆಗೆದರೆ ಸ್ವಲ್ಪ ಹೊತ್ತಿಗೇ ಆಫ್. ಅಪ್ಪನಿಗೆ ಈಗಿನ ದೊಡ್ಡ ಫೋನು ಹಿಡಿಸುತ್ತಿಲ್ಲ. ಇದನ್ನೇ ಸರಿ ಮಾಡಿಸಿ ಕೊಡು ಅಂತ ಹಟ. ಅವರಿಗೆ ಬೇಕಾಗಿರುವುದು ಹಾಡು, ರೇಡಿಯೊ, ಕರೆ, ಅಷ್ಟೇ. ನನಗೆ ಅದರಲ್ಲಿರುವ ಫೋಟೊ, ನಂಬರು, ಮೆಸೇಜು ತೆಗೆದಿಟ್ಟುಕೊಳ್ಳಬೇಕು. ಬಳಸಿದವರು ಯಾರಾದರೂ ಇದ್ದರೆ ನಿಮ್ಮ ಅನುಭವ ಹೇಳಿ, ದಯವಿಟ್ಟು.

* * *

ಧಾರಾಳವಾಗಿ ಹಾಕಿ. ಹಾಡು, ರೇಡಿಯೊ ಅಂದರೆ ಯೋಚನೆಯೇ ಬೇಡ.

2009ರಲ್ಲಿ ಇದನ್ನು ಕೊಂಡವರಲ್ಲಿ ನಾನೂ ಒಬ್ಬ. ಆಗ ಟಚ್ ಫೋನು ಅಂದರೆ ಎಲ್ಲರ ಬಾಯಲ್ಲೂ ಐಫೋನ್ 3ಜಿ. ಅದು 2008ರ ಆಗಸ್ಟಿನಲ್ಲಿ ಇಲ್ಲಿಗೆ ಬಂದಾಗ 8 ಜಿಬಿಯದ್ದಕ್ಕೇ 31,000 ರೂಪಾಯಿ. ನಮ್ಮ ಸಂಬಳಕ್ಕೆ ಅದು ಅಂಗಡಿಯ ಗಾಜಿನಾಚೆ ನಿಂತು ನೋಡುವ ವಸ್ತು. ನೋಕಿಯಾದವರು ಅದೇ ಅಕ್ಟೋಬರಿನಲ್ಲಿ 5800 ತೋರಿಸಿದರು. ಅದು ಎಸ್60 ಸಿಂಬಿಯನ್‌ನ (ಆಗಿನ ನೋಕಿಯಾ ಫೋನುಗಳನ್ನು ನಡೆಸುತ್ತಿದ್ದ ಸಾಫ್ಟ್‌ವೇರ್) ಮೊದಲ ಟಚ್ ಫೋನು. ಬೆಲೆ ಐಫೋನಿಗಿಂತ ಎಷ್ಟೋ ಕಡಿಮೆ, ಮೇಲೆ ಡಬ್ಬಿಯಲ್ಲೇ 8 ಜಿಬಿ ಕಾರ್ಡು. ಬ್ಲೂಟೂತಿನಲ್ಲಿ ಯಾರಿಗೆ ಬೇಕಾದರೂ ಹಾಡು ಕಳಿಸಬಹುದಿತ್ತು. ಆಗಿನ ಐಫೋನಿನಲ್ಲಿ ಅದೂ ಆಗುತ್ತಿರಲಿಲ್ಲ ಅಲ್ವಾ!

ಡಬ್ಬಿಯಲ್ಲಿರುವ ಹೆಡ್‌ಸೆಟ್ ನೋಡಿ, ಅದು ಎರಡು ತುಂಡು. ಫೋನಿಗೆ ಚುಚ್ಚುವ ರಿಮೋಟಿನ ವೈರು ಬೇರೆ, ಕಿವಿಗೆ ಹಾಕುವ ವೈರು ಬೇರೆ. ಕಿವಿಯದ್ದು ಹಾಳಾಗಿದ್ದರೆ ರಿಮೋಟನ್ನು ಎಸೆಯಬೇಡಿ. ಮಾಮೂಲಿ 3.5 ಎಂಎಂ ಇಯರ್‌ಫೋನ್ ಯಾವುದಾದರೂ ಅದರ ತುದಿಗೆ ಕೂರುತ್ತದೆ. ಜೇಬಿನಿಂದ ಫೋನ್ ತೆಗೆಯದೆ ಹಾಡು ಬದಲಾಯಿಸಬಹುದು, ಕರೆ ಬಂದರೆ ಎತ್ತಬಹುದು. ಸ್ಕ್ರೀನಿನ ಮೇಲೆ ಬಲಗಡೆ ಒಂದು ಸಣ್ಣ ಗುರುತಿದೆ. ಅದನ್ನು ಮುಟ್ಟಿದರೆ ಹಾಡು, ಗ್ಯಾಲರಿ, ವೀಡಿಯೊ ಎಲ್ಲ ಇರುವ ಪಟ್ಟಿ ಕೆಳಗಿಳಿಯುತ್ತದೆ. ಅಪ್ಪನಿಗೆ ಮೆನುವಿನ ಒಳಗೆ ಹೋಗುವ ಕೆಲಸವೇ ಇಲ್ಲ. ರೇಡಿಯೊಗೆ ಮಾತ್ರ ವೈರು ಚುಚ್ಚಿರಲೇಬೇಕು, ಆ ವೈರೇ ಆಂಟೆನಾ. ಬೆಂಗಳೂರಾದರೆ 101.3 ರೇನ್‌ಬೋ, 102.9 ವಿವಿಧಭಾರತಿ ಎರಡನ್ನೂ ಸೇವ್ ಮಾಡಿ ಕೈಗೆ ಕೊಡಿ, ಸಾಕು. ಡೇಟಾ ಬೇಡ, ಅಪ್‌ಡೇಟ್ ಮಾಡಿ ಅಂತ ಪೀಡಿಸುವವರೂ ಇಲ್ಲ.

* * *

ಮೇಲಿನವರ ಮಾತಿನಲ್ಲಿ ಹಾಡಿನ ವಿಷಯ ಸರಿ. ಉಳಿದದ್ದು ಹಳೇ ಪ್ರೀತಿ ಗುರು.

ಇದರ ಸ್ಕ್ರೀನ್ ರೆಸಿಸ್ಟಿವ್. ಮೇಲಿನ ಪದರ ಬಗ್ಗಿ ಕೆಳಗಿನ ಪದರಕ್ಕೆ ತಾಗಿದರೆ ಮಾತ್ರ ಮುಟ್ಟಿದ್ದು ಲೆಕ್ಕ. ಸವರಿದರೆ ಕೇಳುವುದಿಲ್ಲ, ಒತ್ತಬೇಕು. ಎರಡು ಬೆರಳಲ್ಲಿ ಫೋಟೊ ಹಿಗ್ಗಿಸುವುದಂತೂ ಇಲ್ಲವೇ ಇಲ್ಲ. ಸಿಂಬಿಯನ್ ಮೂಲತಃ ಬಟನ್ ಫೋನಿಗೆ ಅಂತ ಬೆಳೆದದ್ದು, ಇವರು ಅದರ ಮೇಲೆ ಟಚ್ ಹೊದಿಸಿದರು. ಅದಕ್ಕೇ ಮೆನುವಿನ ಚಿತ್ರಕ್ಕೆ ಒಂದು ಸಲ ಒತ್ತಿದರೆ ತೆರೆಯುತ್ತದೆ, ಪಟ್ಟಿಯಲ್ಲಿರುವ ಹೆಸರಿಗಾದರೆ ಮೊದಲ ಸಲ ಬಣ್ಣ ಬರುತ್ತದೆ, ಎರಡನೇ ಸಲಕ್ಕೆ ತೆರೆಯುತ್ತದೆ. ಎಲ್ಲಿ ಒಂದು, ಎಲ್ಲಿ ಎರಡು ಅಂತ ಬಾಯಿಪಾಠ ಮಾಡಬೇಕು. ಶುರುವಿನಲ್ಲಿ ಪಟ್ಟಿ ಜಾರಿಸಬೇಕಾದರೆ ಬಲಗಡೆಯ ಸಪೂರ ಪಟ್ಟಿಯನ್ನೇ ಹಿಡಿದು ಎಳೆಯಬೇಕಿತ್ತು. ಬೆರಳಲ್ಲಿ ತಳ್ಳಿದರೆ ಸರ್ ಅಂತ ಓಡುವುದು ಬಂದಿದ್ದು ಆಮೇಲಿನ ಸಾಫ್ಟ್‌ವೇರಿನಲ್ಲಿ. *#0000# ಒತ್ತಿದರೆ ನಿಮ್ಮದು ಯಾವ ಆವೃತ್ತಿ ಅಂತ ಗೊತ್ತಾಗುತ್ತದೆ.

ನಿಮ್ಮ ಅಪ್ಪ ಮೊದಲೇ ಬಳಸಿದವರು, ಕೈಗೆ ನೆನಪಿರಬಹುದು. ಹೊಸಬರಿಗಾದರೆ ನಾನು ಕೊಡಲ್ಲ. ಕರೆ ಮತ್ತು ರೇಡಿಯೊ ಅಷ್ಟೇ ಬೇಕಾದರೆ ಬಟನ್ ಇರುವ ಹೊಸ ಸಾದಾ ಫೋನು ಇದರ ರಿಪೇರಿ ಖರ್ಚಿನ ಆಸುಪಾಸಿಗೇ ಸಿಗುತ್ತದೆ, ವಾರಂಟಿಯೂ ಇರುತ್ತದೆ.

* * *

ಅಯ್ಯೋ, ರೆಸಿಸ್ಟಿವ್ ಅಂತ ಅಷ್ಟೊಂದು ಬೈಯಬೇಡಿ ಮಾರಾಯ್ರೇ. ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲಕ್ಕೆ ಅದೇ ಲಾಯಕ್ಕು.

ಅಡಿಕೆಗೆ ಬೋರ್ಡೋ ಹೊಡೆಯುವ ಹೊತ್ತು ಅಂದುಕೊಳ್ಳಿ. ಮೈಲುತುತ್ತ, ಸುಣ್ಣ ಕಲಸಿ ಕೈಯೆಲ್ಲ ನೀಲಿ, ಮೇಲಿಂದ ಜಿಟಿಜಿಟಿ ಮಳೆ. ಆಗಲೇ ಔಷಧಿ ಹೊಡೆಯುವವನ ಫೋನು ಬರುವುದು. ಈಗಿನ ಫೋನಿನ ಮೇಲೆ ನಾಲ್ಕು ಹನಿ ಬಿದ್ದರೆ ತಾನೇ ಎಲ್ಲೆಲ್ಲೋ ಒತ್ತಿಕೊಳ್ಳುತ್ತದೆ, ಒದ್ದೆ ಬೆರಳಿಗೆ ಜಪ್ಪಯ್ಯ ಅಂದರೂ ಕರೆ ಎತ್ತಲು ಬಿಡುವುದಿಲ್ಲ. 5800ಕ್ಕೆ ಉಗುರಿನ ತುದಿ ಸಾಕು. ಕೈಗವಸು ಹಾಕಿಕೊಂಡಿದ್ದರೂ ಆಯಿತು, ಕಡ್ಡಿಯಲ್ಲಿ ಒತ್ತಿದರೂ ಆಯಿತು. ಪಕ್ಕದ ಲಾಕ್ ಗುಂಡಿ ಎಳೆದರೆ ಸ್ಕ್ರೀನ್ ತೆರೆಯುತ್ತದೆ, ಒದ್ದೆ ಕೈಗೆ ಅದೂ ಅನುಕೂಲ. ಹಾಗಂತ ನೀರಿಗೆ ಹಾಕಬೇಡಿ, ನೀರು ತಡೆಯುವ ಫೋನಲ್ಲ ಅದು. ನಾನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟುಕೊಳ್ಳುತ್ತಿದ್ದೆ, ಕವರಿನ ಮೇಲಿಂದಲೇ ಒತ್ತಿದರೂ ಕೆಲಸ ಮಾಡುತ್ತಿತ್ತು.

ಬಿಸಿಲಲ್ಲಿ ಮಾತ್ರ ಸ್ಕ್ರೀನ್ ಸರಿಯಾಗಿ ಕಾಣದು. ನೆರಳಿಗೆ ಹೋಗಿಯೇ ನೋಡಬೇಕು. ಮತ್ತೆ, ಒತ್ತಿದ್ದು ಒಂದು ಕಡೆ, ತೆರೆದದ್ದು ಇನ್ನೊಂದು ಅಂತಾದರೆ ಸ್ಕ್ರೀನ್ ಹೋಯಿತು ಅಂದುಕೊಳ್ಳಬೇಡಿ. ಸೆಟಿಂಗ್ಸ್, ಫೋನ್, ಟಚ್ ಇನ್‌ಪುಟ್ ಒಳಗೆ ಕ್ಯಾಲಿಬ್ರೇಶನ್ ಅಂತ ಇದೆ. ಅದು ತೋರಿಸಿದಲ್ಲಿ ಸ್ಟೈಲಸ್‌ನಿಂದ ಒಂದೊಂದಾಗಿ ಒತ್ತಿದರೆ ಜಾಗಕ್ಕೆ ಬರುತ್ತದೆ.

* * *

ನನ್ನ ತಕರಾರು ಒಂದೇ, ಕನ್ನಡ. ಬರುವ ಕನ್ನಡ ಮೆಸೇಜೆಲ್ಲ ಅಕ್ಷರದ ಬದಲು ಸಾಲು ಸಾಲು ಚೌಕದ ಡಬ್ಬಿ. ಕಾಲೇಜಿನಲ್ಲಿ ನಮ್ಮ ಗುಂಪಿನಲ್ಲಿ ಮೂರು ನಾಲ್ಕು ಜನರ ಹತ್ತಿರ ಇದೇ ಫೋನಿತ್ತು, ಎಲ್ಲರದ್ದೂ ಅದೇ ಕಥೆ.

ಆಗ ಕಾಪಾಡಿದ್ದು ಒಪೆರಾ ಮಿನಿ ಬ್ರೌಸರ್. ವಿಳಾಸ ಬರೆಯುವ ಕಡೆ opera:config ಅಂತ ಟೈಪ್ ಮಾಡಬೇಕಿತ್ತು. ಒಂದು ಉದ್ದ ಪುಟ ಬರುತ್ತಿತ್ತು, ಅದರಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್‌ಗೆ ಬಿಟ್‌ಮ್ಯಾಪ್ ಫಾಂಟ್ ಬಳಸಬೇಕಾ ಅನ್ನುವ ಸಾಲಿಗೆ ಯೆಸ್ ಕೊಟ್ಟು ಸೇವ್ ಮಾಡಿದರೆ ಮುಗಿಯಿತು. ಅಕ್ಷರಗಳನ್ನು ಅವರ ಸರ್ವರೇ ಚಿತ್ರ ಮಾಡಿ ಕಳಿಸುತ್ತಿತ್ತು, ಫೋನಿನಲ್ಲಿ ಕನ್ನಡ ಫಾಂಟ್ ಇರಲಿ ಬಿಡಲಿ. ಸ್ವಲ್ಪ ಮಸುಕು, ದೊಡ್ಡದು ಮಾಡಿದರೆ ಒಡೆದು ಕಾಣುತ್ತಿತ್ತು, ಆದರೂ ಬಸ್ಸಿನಲ್ಲಿ ಕೂತು ಕನ್ನಡ ಪೇಪರು, ಬ್ಲಾಗು ಓದಿದ್ದು ಅದರಲ್ಲೇ. ಆಂಡ್ರಾಯ್ಡ್ ತೆಗೆದುಕೊಂಡವರದ್ದೂ ಆಗ ಇದೇ ಪಾಡು. ಅದಕ್ಕೆ ಕನ್ನಡ ನೆಟ್ಟಗೆ ಬಂದಿದ್ದು 2012ರ ಜೆಲ್ಲಿಬೀನ್ ಆವೃತ್ತಿಯ ಹೊತ್ತಿಗೆ.

ಈಗ ನಿಮಗೆ ಇದು ಯಾಕೆ ಬೇಕು ಅಂದರೆ, ಹಾಡಿನ ಫೈಲುಗಳ ಹೆಸರು ಕನ್ನಡದಲ್ಲಿದ್ದರೆ ಪಟ್ಟಿಯಲ್ಲೂ ಡಬ್ಬಿಗಳೇ ಕಾಣಬಹುದು. ಕಾರ್ಡಿಗೆ ಹಾಕುವ ಮೊದಲೇ ಕಂಪ್ಯೂಟರಿನಲ್ಲಿ ಹೆಸರು, ಟ್ಯಾಗ್ ಎರಡನ್ನೂ ಇಂಗ್ಲಿಷ್ ಅಕ್ಷರಕ್ಕೆ ಬದಲಾಯಿಸಿ. ಹಾಡು ಎಂಪಿ3 ಆಗಿರಲಿ. ಬ್ಯಾಂಕು, ಗ್ಯಾಸಿನವರ ಕನ್ನಡ ಮೆಸೇಜು ನಿಮ್ಮಪ್ಪನಿಗೆ ಬರುತ್ತಿದ್ದರೆ ಅದನ್ನು ಇನ್ನೊಂದು ಫೋನಿನ ನಂಬರಿಗೆ ಬರುವ ಹಾಗೆ ಮಾಡಿ.

* * *

ನಾನು ದುಬೈಯಲ್ಲಿದ್ದಾಗ ತೆಗೆದುಕೊಂಡದ್ದು. ಎದುರಿಗೂ ಒಂದು ಕ್ಯಾಮೆರಾ ಉಂಟು, 3ಜಿಯಲ್ಲಿ ವೀಡಿಯೊ ಕಾಲ್ ಆಗುತ್ತಿತ್ತು. ಅಲ್ಲಿ ರೂಮಿನವರ ಜೊತೆ ಮಾಡಿ ಖುಷಿಪಟ್ಟದ್ದೇ ಬಂತು. ಊರಿಗೆ ತಂದರೆ ಮಂಗಳೂರಿನಲ್ಲಿ ನಮ್ಮ ಸಿಮ್ಮಿಗೆ 3ಜಿಯೇ ಇಲ್ಲ. ಏರ್‌ಟೆಲ್ ಬೆಂಗಳೂರಿನಲ್ಲಿ 3ಜಿ ಶುರು ಮಾಡಿದ್ದೇ 2011ರ ಜನವರಿಯಲ್ಲಿ. ಅಷ್ಟರಲ್ಲಿ ಫೋನು ತಮ್ಮನ ಕೈಗೆ ಹೋಗಿತ್ತು.

ಆದರೆ ಮ್ಯಾಪಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ? 2010ರ ಜನವರಿಯಲ್ಲಿ ನೋಕಿಯಾದವರು ತಮ್ಮ ಓವಿ ಮ್ಯಾಪ್ಸಿನಲ್ಲಿ ದಾರಿ ಹೇಳುವುದನ್ನು ಪುಕ್ಕಟೆ ಮಾಡಿದರು. ಮ್ಯಾಪನ್ನು ಕಾರ್ಡಿಗೆ ಇಳಿಸಿಕೊಂಡರೆ ನೆಟ್ ಬೇಡ. ಶಿರಾಡಿ ಘಾಟಿಯಲ್ಲಿ ಸಿಗ್ನಲ್ ಸತ್ತರೂ ಅದು ಎಡಕ್ಕೆ ಬಲಕ್ಕೆ ಹೇಳುತ್ತಲೇ ಇತ್ತು. ಈಗ ಅದು ಇತಿಹಾಸ ಬಿಡಿ, ನಿಮ್ಮ ಪ್ರಶ್ನೆಗೆ ಉಪಯೋಗಕ್ಕಿಲ್ಲ.

* * *

ಮೊಬೈಲ್ ರಿಪೇರಿ ಮಾಡುವವನು ಬರೆಯುತ್ತಿದ್ದೇನೆ. ನಿಮ್ಮ ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ.

ಮೊದಲು ಬ್ಯಾಟರಿ. ಹೊರಗೆ ತೆಗೆದು ಮೇಜಿನ ಮೇಲೆ ಮಲಗಿಸಿ ಬೆರಳಲ್ಲಿ ತಿರುಗಿಸಿ. ಬುಗುರಿಯ ಹಾಗೆ ಸುತ್ತಿದರೆ ಹೊಟ್ಟೆ ಉಬ್ಬಿದೆ ಅಂತ ಅರ್ಥ, ಮತ್ತೆ ಚಾರ್ಜಿಗೆ ಹಾಕಲೇಬೇಡಿ. ಇದರದ್ದು ಬಿಎಲ್-5ಜೆ, 1320 ಎಂಎಎಚ್. ನೋಕಿಯಾದ್ದೇ 5230, 5233, ಲೂಮಿಯಾ 520 ಫೋನುಗಳಿಗೂ ಬಿಎಲ್-5ಜೆಯೇ, ಹಾಗಾಗಿ ಇನ್ನೂ ಸಿಗುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕಿ, ಆದರೆ ಮೇಲೆ ಬರೆದಿರುವ ಅಂಕಿ ನೋಡಿ ಮರುಳಾಗಬೇಡಿ. 3000 ಅಂತ ಬರೆದು ಮಾರುವವರಿದ್ದಾರೆ. ಅಷ್ಟು ಸಣ್ಣ ಮೈಯಲ್ಲಿ ಅಷ್ಟು ಹಿಡಿಯುವುದಿಲ್ಲ. ಚಾರ್ಜ್ ಮಾಡುವುದು ಸಪೂರ ಪಿನ್ನಿನ 2 ಎಂಎಂ ಚಾರ್ಜರಿನಲ್ಲೇ. ಮೈಕ್ರೋ ಯುಎಸ್‌ಬಿ ತೂತು ಇದೆಯಲ್ಲ ಅಂತ ಅದಕ್ಕೆ ಚುಚ್ಚಿ ಕಾಯಬೇಡಿ, ಅದು ಬರೀ ಡೇಟಾಗೆ.

ಸಿಮ್ ತೆಗೆಯುವುದು ಇನ್ನೊಂದು ತಲೆನೋವು. ಪಕ್ಕದ ಮುಚ್ಚಳ ತೆರೆದು ಉಗುರಲ್ಲಿ ಎಳೆದರೆ ಬರುವುದಿಲ್ಲ. ಹಿಂದಿನ ಬಾಗಿಲು, ಬ್ಯಾಟರಿ ಎರಡನ್ನೂ ತೆಗೆದು, ಬ್ಯಾಟರಿ ಕೂರುವ ಗುಳಿಯ ಕಡೆಯಿಂದ ಸ್ಟೈಲಸ್ ತುದಿಯಲ್ಲಿ ಸಿಮ್ಮನ್ನು ಹೊರಕ್ಕೆ ತಳ್ಳಬೇಕು. ಇದಕ್ಕೆ ಬೇಕಾಗಿರುವುದು ಹಳೇ ದೊಡ್ಡ ಸೈಜಿನ ಸಿಮ್. ನ್ಯಾನೋ ಸಿಮ್ಮನ್ನು ಅಡಾಪ್ಟರಿಗೆ ಸಿಕ್ಕಿಸಿ ಹಾಕುವವರು ಜಾಸ್ತಿ, ತೆಗೆಯುವಾಗ ಅಡಾಪ್ಟರ್ ಬಂದು ಸಿಮ್ ಒಳಗೇ ಉಳಿಯುತ್ತದೆ. ಕಂಪನಿಯವರ ಹತ್ತಿರ ದೊಡ್ಡ ಸೈಜಿಗೂ ಕತ್ತರಿಸದ ಹೊಸ ಸಿಮ್ ಕೇಳಿ ಪಡೆಯುವುದು ವಾಸಿ.

ಕರೆಯಲ್ಲಿ ಆ ಕಡೆಯವರ ದನಿ ಸಣ್ಣಗೆ ಕೇಳಿದರೆ ಇಯರ್‌ಪೀಸ್ ನೋಡಿಸಿ. ಮೊದಮೊದಲ ಸೆಟ್‌ಗಳಲ್ಲಿ ತೇವಕ್ಕೆ ಅದರ ಕಾಂಟ್ಯಾಕ್ಟ್ ಕೆಡುತ್ತಿತ್ತು, 2009ರಲ್ಲೇ ಕಂಪನಿ ಒಪ್ಪಿಕೊಂಡು ಬೇರೆ ಭಾಗ ಹಾಕತೊಡಗಿತು. ಬೋರ್ಡು ಹೋಗಿದೆ ಅಂತ ಯಾರಾದರೂ ದೊಡ್ಡ ಬಿಲ್ ಹೇಳಿದರೆ ಎದ್ದು ಬನ್ನಿ.

ಇನ್ನು ಫೋಟೊ, ನಂಬರು. ಏನೇ ಆಗಲಿ *#7370# ಒತ್ತಬೇಡಿ, ಎಲ್ಲ ಅಳಿಸಿಹೋಗುತ್ತದೆ. ನಿಧಾನವಾಗಿದೆ, ರೀಸೆಟ್ ಮಾಡಿಕೊಡುತ್ತೇನೆ ಅಂತ ಅಂಗಡಿಯವರು ಕೈಗೆತ್ತಿಕೊಳ್ಳುವ ಮೊದಲೇ ನಿಮ್ಮ ಡೇಟಾ ತೆಗೆಯಿರಿ. ಲಾಕ್ ಕೋಡ್ ಕೇಳಿದರೆ 12345 ಹಾಕಿ ನೋಡಿ, ಬದಲಾಯಿಸದಿದ್ದರೆ ಅದೇ ಇರುತ್ತದೆ. ಕಂಪ್ಯೂಟರಿಗೆ ಕೇಬಲ್ ಚುಚ್ಚಿ ಮಾಸ್ ಸ್ಟೋರೇಜ್ ಆರಿಸಿದರೆ ಕಾರ್ಡಿನಲ್ಲಿರುವುದು ಮಾತ್ರ ಕಾಣುತ್ತದೆ. ಫೋನಿನದ್ದೇ 81 ಎಂಬಿ ಜಾಗದಲ್ಲೂ ಒಂದಿಷ್ಟು ಫೋಟೊ ಇರಬಹುದು, ಗ್ಯಾಲರಿಯಿಂದ ಅವನ್ನು ಕಾರ್ಡಿಗೆ ಸರಿಸಿ. ನಂಬರುಗಳನ್ನು ಗುರುತು ಮಾಡಿ ಬ್ಲೂಟೂತಿನಲ್ಲಿ ಬಿಸಿನೆಸ್ ಕಾರ್ಡಾಗಿ ನಿಮ್ಮ ಫೋನಿಗೆ ಕಳಿಸಿ. ಮೆಸೇಜಿಗೆ ಮಾತ್ರ ನೋಕಿಯಾ ಸೂಟ್ ಅನ್ನುವ ಸಾಫ್ಟ್‌ವೇರ್ ಹಾಕಿರುವ ಹಳೇ ವಿಂಡೋಸ್ ಕಂಪ್ಯೂಟರ್ ಬೇಕು. ನಾಲ್ಕೈದೇ ಮೆಸೇಜು ಮುಖ್ಯ ಅನ್ನುವುದಾದರೆ ಸುಮ್ನೆ ನಿಮ್ಮ ಫೋನಿನಲ್ಲಿ ಅವುಗಳ ಫೋಟೊ ಹೊಡೆದುಕೊಳ್ಳಿ, ಬೇಗ ಮುಗಿಯುತ್ತದೆ.

* * *

ಒಂದು ಮಾತು ಬಿಟ್ಟುಹೋಗಿದೆ. ಅಪ್ಪನದ್ದು ಜಿಯೋ ನಂಬರಾದರೆ ಇದರಲ್ಲಿ ನಡೆಯುವುದಿಲ್ಲ, ಅದಕ್ಕೆ 4ಜಿ ಫೋನೇ ಬೇಕು. ಏರ್‌ಟೆಲ್ 3ಜಿ ನಿಲ್ಲಿಸಿದರೂ 2ಜಿ ಉಳಿಸಿಕೊಂಡಿದೆ, ಕರೆಗೆ, ಮೆಸೇಜಿಗೆ ಸಾಕು. ವಾಟ್ಸಾಪ್ ಈ ಫೋನುಗಳಿಗೆ 2017ರ ಜೂನ್ ಕೊನೆಗೇ ನಿಂತಿದೆ. ಆಮೇಲೆ ಮೊಮ್ಮಕ್ಕಳ ಫೋಟೊ ಬರಲಿಲ್ಲ ಅಂತ ಅವರು ನಿಮ್ಮನ್ನೇ ಬೈಯುತ್ತಾರೆ. ಮನೆಯಲ್ಲಿ ಸಿಗ್ನಲ್ ಹೇಗಿದೆ ಅಂತ ಯಾವುದಾದರೂ ಬಟನ್ ಫೋನಿಗೆ 2ಜಿ ಸಿಮ್ ಹಾಕಿ ನೋಡಿಕೊಂಡು, ಆಮೇಲೆ ಬ್ಯಾಟರಿಗೆ ದುಡ್ಡು ಹಾಕಿ.