ಕ್ಯಾಮೆರಾ ಯಾವುದೆಂದು ಕೇಳಿದ ವರ

ನಮ್ಮ ಗೆಳೆಯರ ಗುಂಪಿನಲ್ಲಿ ಒಬ್ಬನಿಗೆ ಮದುವೆ ನಿಶ್ಚಯವಾದರೆ ಉಳಿದವರೆಲ್ಲರಿಗೂ ಏಕಕಾಲಕ್ಕೆ ಜ್ಞಾನೋದಯವಾಗುತ್ತದೆ. ಈ ಬಾರಿ ಜ್ಞಾನದಾನಕ್ಕೆ ಒದಗಿದ ವಿಷಯ, ಮದುವೆಗೆ ಛಾಯಾಗ್ರಾಹಕರನ್ನು ಗೊತ್ತುಮಾಡುವುದು ಹೇಗೆ ಎಂಬುದು. ಸಭೆಯಲ್ಲಿ ಭಾವಿ ವಧೂವರರಿದ್ದರು; ಎದುರಿನವರು ಆಡಿದ ಪ್ರತಿ ಮಾತಿನಲ್ಲೂ ಒಂದು ಷರತ್ತನ್ನು ಹುಡುಕುವ ವಕೀಲ ಮಿತ್ರನಿದ್ದ; ಮಗುವನ್ನು ಶಾಲೆಗೆ ಸೇರಿಸಿದ ಮೇಲೆ ತನ್ನ ಮದುವೆಯ ಆಲ್ಬಂ ಕೈಗೆ ಬಂದ ಅನುಭವಿಯೊಬ್ಬನಿದ್ದ; ಬಹಳ ಕಾಲ ಮದುವೆಗಳ ಚಿತ್ರ ತೆಗೆದು, ಈಗ ಅದನ್ನು ಬಿಟ್ಟು ಹಕ್ಕಿಗಳ ಚಿತ್ರ ತೆಗೆಯುತ್ತಿರುವ ಗೆಳತಿಯೂ ಇದ್ದಳು. ಹಕ್ಕಿಗಳೇ ಏಕೆಂದು ಕೇಳಿದರೆ, ‘ಹಕ್ಕಿಯ ಚಿಕ್ಕಪ್ಪ ಮರುದಿನ ಫೋನ್ ಮಾಡಿ, ತನ್ನ ಫೋಟೋ ಏಕಿಲ್ಲವೆಂದು ಕೇಳುವುದಿಲ್ಲ’ ಎನ್ನುತ್ತಾಳೆ.

ವರನು ಸಿದ್ಧತೆ ಮಾಡಿಕೊಂಡೇ ಬಂದಿದ್ದ. ‘ಮೊದಲು ಕೇಳಬೇಕಾದದ್ದು ಕ್ಯಾಮೆರಾ ಯಾವುದು, ಅದರಲ್ಲಿ ಎಷ್ಟು ಮೆಗಾಪಿಕ್ಸೆಲ್ ಇದೆ ಎಂಬುದಲ್ಲವೇ?’ ಎಂದು ಅವನು ಆರಂಭಿಸುತ್ತಿದ್ದಂತೆಯೇ ಗೆಳತಿ ಕಣ್ಣು ಮುಚ್ಚಿಕೊಂಡಳು.

‘ಮಾರಾಯ, 12 ಅಂಗುಲ ಅಗಲ, 18 ಅಂಗುಲ ಉದ್ದದ ಆಲ್ಬಂ ಪುಟವನ್ನು ಅಂಗುಲಕ್ಕೆ 300 ಪಿಕ್ಸೆಲ್‌ನಂತೆ ಮುದ್ರಿಸಿದರೂ ಬೇಕಾಗುವುದು ಸುಮಾರು 19.4 ಮೆಗಾಪಿಕ್ಸೆಲ್. ಈಗ ಈ ವೃತ್ತಿಯಲ್ಲಿರುವವರ ಬಹುಪಾಲು ಕ್ಯಾಮೆರಾಗಳು ಅದನ್ನು ದಾಟಿದವೇ. ನೀನು ಕೇಳಬೇಕಾದದ್ದು, ಅದರಲ್ಲಿ ಮೆಮೊರಿ ಕಾರ್ಡ್ ಹಾಕಲು ಎಷ್ಟು ಜಾಗಗಳಿವೆ ಎಂದು. ಎರಡಿದ್ದರೆ, ಪ್ರತಿ ಚಿತ್ರವೂ ತೆಗೆದ ಕ್ಷಣದಲ್ಲೇ ಎರಡು ಕಾರ್ಡುಗಳಲ್ಲಿ ದಾಖಲಾಗುವಂತೆ ಮಾಡಬಹುದು. ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಜೊತೆಗೆ ಇನ್ನೊಂದು ಕ್ಯಾಮೆರಾ, ಇನ್ನೊಂದು ಫ್ಲ್ಯಾಶ್ ತರುತ್ತಾರೆಯೇ ಎಂದೂ ಕೇಳು.’

‘ಸರಿಯಾದ ಮಾತು’ ಎಂದು ವಕೀಲನು ತಲೆದೂಗಿದ. ‘ಕಾರ್ಡ್ ಕೆಟ್ಟಿತೆಂಬ ಕಾರಣಕ್ಕೆ ಮದುವೆಯನ್ನು ಮರುವಿಚಾರಣೆಗೆ ಎತ್ತಿಕೊಳ್ಳಲು ಯಾವ ಕಾನೂನಿನಲ್ಲಿಯೂ ಅವಕಾಶವಿಲ್ಲ.’

ಅಷ್ಟರಲ್ಲಿ ವಧು ತನ್ನ ಮೊಬೈಲ್ ತೆರೆದು, ತಾನು ಮೆಚ್ಚಿದ ಛಾಯಾಗ್ರಾಹಕರೊಬ್ಬರ ಇನ್‌ಸ್ಟಾಗ್ರಾಂ ಪುಟವನ್ನು ತೋರಿಸಿದಳು. ಒಂದಕ್ಕಿಂತ ಒಂದು ಸುಂದರವಾದ ಚಿತ್ರಗಳು: ಎಲ್ಲದರಲ್ಲೂ ಸೂರ್ಯ ಮುಳುಗುತ್ತಿದ್ದಾನೆ, ಎಲ್ಲದರಲ್ಲೂ ಒಂದು ಜೋಡಿ ನಮಗೆ ಬೆನ್ನು ಮಾಡಿ ನಿರ್ಜನ ಬಯಲಿನಲ್ಲಿ ನಡೆದುಹೋಗುತ್ತಿದೆ. ಇವರೆಲ್ಲ ಮದುವೆಯಿಂದ ತಪ್ಪಿಸಿಕೊಂಡು ಹೋಗುತ್ತಿರಬಹುದೇ ಎಂದು ನನಗೆ ಅನುಮಾನವಾಯಿತಾದರೂ ವಧುವಿನ ಮುಖ ನೋಡಿ ಸುಮ್ಮನಾದೆ. ಗೆಳತಿ ಮಾತ್ರ ಸುಮ್ಮನಾಗಲಿಲ್ಲ. ‘ಇದರಲ್ಲಿ ಮದುವೆ ಎಲ್ಲಿದೆ? ಅತಿಥಿಗಳು ಎಲ್ಲಿದ್ದಾರೆ? ತರಬೇತಿ ಶಿಬಿರಗಳಲ್ಲಿ ರೂಪದರ್ಶಿಗಳನ್ನು ನಿಲ್ಲಿಸಿ ತೆಗೆದ ಚಿತ್ರಗಳೂ ಇಂಥ ಪುಟಗಳಲ್ಲಿ ಸೇರಿಕೊಂಡಿರುತ್ತವೆ. ಹತ್ತು ಮದುವೆಗಳಿಂದ ಆರಿಸಿದ ಹತ್ತು ಚಿತ್ರಗಳನ್ನು ನೋಡಬೇಡ. ಒಂದೇ ಮದುವೆಯಲ್ಲಿ ಆ ದಂಪತಿಗೆ ಕೊಟ್ಟ ಅಷ್ಟೂ ಚಿತ್ರಗಳನ್ನು ಮೊದಲಿನಿಂದ ಕೊನೆಯವರೆಗೆ, ಆ ದಂಪತಿ ಒಪ್ಪಿದರೆ, ತೋರಿಸಲು ಹೇಳು. ಅದರಲ್ಲೂ ಕಿಟಕಿಯಿಲ್ಲದ ಸಭಾಂಗಣದೊಳಗೆ ನಡೆದದ್ದಿದ್ದರೆ ಒಳ್ಳೆಯದು. ಸಂಜೆಯ ಬಿಸಿಲಿನಲ್ಲಿ ಯಾರು ತೆಗೆದರೂ ಚೆನ್ನಾಗಿಯೇ ಬರುತ್ತದೆ, ಅದರಲ್ಲಿ ಅರ್ಧ ಕೆಲಸವನ್ನು ಸೂರ್ಯನೇ ಮಾಡಿರುತ್ತಾನೆ.’

ಸಭಾಂಗಣದ ಬೆಳಕಿನ ಮಾತು ಬಂದದ್ದೇ ತಡ, ಅವಳ ಹಳೆಯ ಗಾಯಗಳೆಲ್ಲ ಒಟ್ಟಿಗೆ ತೆರೆದುಕೊಂಡವು. ಹಳದಿ ಬಲ್ಬಿನ ಬೆಳಕಿನ ವರ್ಣತಾಪ, ಅಂದರೆ ಬೆಳಕು ಎಷ್ಟು ಹಳದಿ, ಎಷ್ಟು ನೀಲಿ ಎಂಬುದರ ಅಳತೆ, ಸುಮಾರು 3,000 ಕೆಲ್ವಿನ್, ಕಿಟಕಿಯಿಂದ ಬರುವ ಹಗಲಿನ ಬೆಳಕಿನದು ಸುಮಾರು 5,500. ಇವೆರಡೂ ಒಂದೇ ಮುಖದ ಮೇಲೆ ಎಡಬಲಗಳಿಂದ ಬಿದ್ದರೆ ವರನ ಅರ್ಧ ಮುಖ ಕಿತ್ತಳೆಯಾಗಿಯೂ ಉಳಿದರ್ಧ ನೀಲಿಯಾಗಿಯೂ ಕಾಣುತ್ತದೆ. ಇದನ್ನು ಆಮೇಲೆ ತಕ್ಕಮಟ್ಟಿಗೆ ಸರಿಪಡಿಸಬಹುದು. ಆದರೆ ವೇದಿಕೆಯ ಅಲಂಕಾರದವರು ನೇರಳೆ ಬಣ್ಣದ ಎಲ್‌ಇಡಿ ದೀಪವನ್ನು ಮುಖಕ್ಕೇ ತಿರುಗಿಸಿಟ್ಟರೆ, ಚರ್ಮದ ನಿಜವಾದ ಬಣ್ಣವನ್ನು ಮರಳಿ ತರುವುದು ಯಾವ ತಂತ್ರಾಂಶಕ್ಕೂ ಸುಲಭವಲ್ಲ. ಕುಣಿತಕ್ಕೆಂದು ತರಿಸುವ ಲೇಸರ್ ಕಿರಣ ನೇರವಾಗಿ ಮಸೂರದೊಳಕ್ಕೆ ಹೊಕ್ಕರೆ ಕ್ಯಾಮೆರಾದ ಸೆನ್ಸರೇ ಸುಟ್ಟುಹೋಗಬಹುದು. ಆದ್ದರಿಂದ ದೀಪದವರನ್ನೂ ಛಾಯಾಗ್ರಾಹಕರನ್ನೂ ಮದುವೆಗೆ ಮೊದಲೇ ಪರಸ್ಪರ ಮಾತನಾಡಿಸಬೇಕೆಂದು ಅವಳು ಹೇಳಿದಳು. ‘ಮೊದಲು ನಾವಿಬ್ಬರು ಮಾತನಾಡಿಕೊಳ್ಳಲು ಬಿಡುವು ಸಿಕ್ಕಿದರೆ ಸಾಕಾಗಿದೆ’ ಎಂದು ವರನು ಗೊಣಗಿದ.

ಮಾತು ಕ್ಯಾಂಡಿಡ್ ಕಡೆಗೆ, ಅಂದರೆ ಎದುರಿನವರಿಗೆ ತಿಳಿಯದಂತೆ ತೆಗೆಯುವ ಸಹಜ ಚಿತ್ರಗಳ ಕಡೆಗೆ, ತಿರುಗಿತು. ಆ ಶಬ್ದ ಕಿವಿಗೆ ಬಿದ್ದೊಡನೆ ಅನುಭವಿ ಎದ್ದು ಕುಳಿತ. ‘ನನಗೆ ಅಂದು ಇಡೀ ದಿನ ಕೇಳಿಸಿದ್ದು ಒಂದೇ ಮಾತು: ಸರ್, ಕ್ಯಾಮೆರಾ ಇಲ್ಲವೆಂದು ತಿಳಿದುಕೊಂಡು ಆ ಕಂಬದ ಕಡೆ ನೋಡಿ ಸಹಜವಾಗಿ ನಗಿ! ಕಂಬವನ್ನು ನೋಡಿ ಸಹಜವಾಗಿ ನಗುವವನಿಗೆ ಹೆಣ್ಣು ಕೊಡಬಹುದೇ ಎಂದು ನಮ್ಮ ಮಾವನವರು ಯೋಚಿಸುತ್ತಿದ್ದುದು ಆ ಚಿತ್ರದ ಹಿನ್ನೆಲೆಯಲ್ಲಿ ಸ್ಪಷ್ಟವಾಗಿ ಬಂದಿದೆ.’ ಆ ಚಿತ್ರದಲ್ಲಿ ಸಹಜವಾಗಿ ಬಂದವರು ಮಾವನವರೊಬ್ಬರೇ ಎಂದು ಗೆಳತಿ ತೀರ್ಪು ಕೊಟ್ಟಳು. ಅವಳ ಪ್ರಕಾರ ನಿಲ್ಲಿಸಿ ತೆಗೆಯುವ ಚಿತ್ರಗಳೂ ಬೇಕು, ತಿಳಿಯದಂತೆ ತೆಗೆದವೂ ಬೇಕು. ಒಬ್ಬರೇ ಎರಡನ್ನೂ ಏಕಕಾಲಕ್ಕೆ ಮಾಡಲಾರರು. ಅತಿಥಿಗಳು ಹೆಚ್ಚಿದ್ದರೆ ಎರಡನೆಯ ಛಾಯಾಗ್ರಾಹಕರು ಅಗತ್ಯ. ವಿಡಿಯೊ ತಂಡ ಬೇರೆಯಾಗಿದ್ದರೆ ಯಾರು ಯಾರಿಗೆ ಅಡ್ಡ ಬರಬಾರದೆಂಬುದು ಮೊದಲೇ ತೀರ್ಮಾನವಾಗಿರಬೇಕು, ಇಲ್ಲವಾದರೆ ಆಲ್ಬಂನಲ್ಲಿ ವಧೂವರರಿಗಿಂತ ವಿಡಿಯೊದವರ ಬೆನ್ನೇ ಹೆಚ್ಚು ಕಾಣುತ್ತದೆ.

ಗುಂಪು ಚಿತ್ರಗಳ ವಿಷಯಕ್ಕೆ ಬಂದಾಗ ಮಾತು ಗಂಭೀರವಾಯಿತು. ಸಂಬಂಧಗಳು ಕೆಡುವುದು ಅಲ್ಲಿಯೇ. ಒಂದು ಗುಂಪಿಗೆ 3 ನಿಮಿಷವೆಂದರೂ 20 ಗುಂಪುಗಳಿಗೆ ಒಂದು ಗಂಟೆ ಹಿಡಿಯುತ್ತದೆ. ಅದೂ ಎಲ್ಲರೂ ಸ್ಥಳದಲ್ಲಿದ್ದರೆ. ಛಾಯಾಗ್ರಾಹಕರಿಗೆ ನಿಮ್ಮ ದೊಡ್ಡಪ್ಪ ಯಾರು, ಊಟದ ಮನೆಯಲ್ಲಿ ಕೆಲಸ ಮಾಡುವವರು ಯಾರು ಎಂಬುದು ತಿಳಿಯದು. ಆದ್ದರಿಂದ ಯಾರು ಯಾರೊಂದಿಗೆ ನಿಲ್ಲಬೇಕೆಂಬ ಪಟ್ಟಿಯನ್ನು ಬರೆದುಕೊಟ್ಟು, ಎರಡೂ ಕಡೆಯಿಂದ ಮುಖಪರಿಚಯವಿರುವ ಒಬ್ಬೊಬ್ಬರನ್ನು ಆ ಕೆಲಸಕ್ಕೆಂದೇ ನೇಮಿಸಬೇಕು. ಅವರ ಧ್ವನಿ ದೊಡ್ಡದಾಗಿರಬೇಕು, ಸಂಕೋಚ ಚಿಕ್ಕದಾಗಿರಬೇಕು. ನಮ್ಮ ಗುಂಪಿನಲ್ಲಿ ಈ ಅರ್ಹತೆ ಯಾರಿಗಿದೆಯೆಂದು ಎಲ್ಲರೂ ಒಟ್ಟಿಗೆ ವಕೀಲನ ಕಡೆ ನೋಡಿದೆವು. ಅವನು ಅದನ್ನು ಹೊಗಳಿಕೆಯೆಂದೇ ಸ್ವೀಕರಿಸಿದ.

ಅಲ್ಲಿಂದ ಮುಂದೆ ಸಭೆ ಅವನದಾಯಿತು. ‘ಕರಾರು ಬರಹದಲ್ಲಿರಲಿ’ ಎಂದು ಅವನು ಬೆರಳೆತ್ತಿದ. ‘ನೀವು ಮೆಚ್ಚಿದ ಚಿತ್ರಗಳನ್ನು ತೆಗೆದವರೇ ಖುದ್ದಾಗಿ ಬರುತ್ತಾರೆಯೋ, ಅವರ ಸಂಸ್ಥೆಯ ಹೆಸರಿನಲ್ಲಿ ಬೇರೆ ಯಾರಾದರೂ ಬರುತ್ತಾರೆಯೋ? ಅವರಿಗೆ ಕಾಯಿಲೆಯಾದರೆ ಬದಲಿ ಯಾರು? ದಿನಾಂಕ ಬದಲಾದರೆ ಮುಂಗಡದ ಗತಿಯೇನು? ಎಷ್ಟು ಗಂಟೆಗಳ ಕೆಲಸ, ಹೊತ್ತು ಮೀರಿದರೆ ಗಂಟೆಗೆ ಎಷ್ಟು? ಇನ್ನು ಕೃತಿಸ್ವಾಮ್ಯ. ಭಾರತದ 1957ರ ಕಾಯಿದೆಯ ಪ್ರಕಾರ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಸ್ವಾಮ್ಯ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರದು. ಬ್ರಿಟನ್ನಿನ 1988ರ ಕಾಯಿದೆಯಲ್ಲಿ ಅದು ಸಾಮಾನ್ಯವಾಗಿ ತೆಗೆದವರದು. ಆದರೆ ಖಾಸಗಿ ಉದ್ದೇಶಕ್ಕೆ ತೆಗೆಸಿದ ಚಿತ್ರವನ್ನು ತೆಗೆಸಿದವರ ಒಪ್ಪಿಗೆಯಿಲ್ಲದೆ ಪ್ರದರ್ಶಿಸುವಂತಿಲ್ಲ. ಎಲ್ಲಿದ್ದರೂ ಒಪ್ಪಂದದ ಸಣ್ಣ ಅಕ್ಷರಗಳನ್ನು ಓದಿ. ಇಲ್ಲವಾದರೆ ನಿಮ್ಮ ಮುಖ ನಿಮಗೆ ಗೊತ್ತಿಲ್ಲದೆ ಯಾವುದೋ ಜಾಹೀರಾತಿನಲ್ಲಿ ನಗುತ್ತಿರುತ್ತದೆ.’ ‘ಕಂಬವನ್ನು ನೋಡಿ’ ಎಂದು ಅನುಭವಿ ಸೇರಿಸಿದ.

ವರನಿಗೆ ರಾ ಕಡತಗಳೆಲ್ಲವೂ, ಅಂದರೆ ಕ್ಯಾಮೆರಾ ದಾಖಲಿಸಿದ, ಇನ್ನೂ ತಿದ್ದದ ಮೂಲ ಕಡತಗಳು, ಬೇಕಂತೆ. ಒಂದು ಕಡತ 30 ಎಂಬಿಯೆಂದರೂ 3,000 ಚಿತ್ರಗಳಿಗೆ 90 ಜಿಬಿ ಆಗುತ್ತದೆ, ತೆರೆಯಲು ಅದಕ್ಕೆಂದೇ ಇರುವ ತಂತ್ರಾಂಶ ಬೇಕು, ಬಣ್ಣ ತಿದ್ದುವವರೆಗೆ ಅವು ಮಂಕಾಗಿಯೇ ಕಾಣುತ್ತವೆ ಎಂದು ಗೆಳತಿ ವಿವರಿಸಿದಳು. ತಿದ್ದಿ ಸಿದ್ಧಪಡಿಸಿದ, ಪೂರ್ಣ ಗಾತ್ರದ ಜೆಪೆಗ್ ಚಿತ್ರಗಳನ್ನು ಕೇಳಿ ಪಡೆದರೆ ಸಾಕು. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಫೋಟೋಗಳಂತೆ ಬಂದವು ಕುಗ್ಗಿರುತ್ತವೆ, ದೊಡ್ಡದಾಗಿ ಮುದ್ರಿಸಲು ಬರುವುದಿಲ್ಲ. ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಮನೆಯ ಹೊರಗೆ ಎಂಬ ಹಳೆಯ ನಿಯಮವನ್ನು ದಂಪತಿಯೂ ಪಾಲಿಸಬೇಕು.

ಆಲ್ಬಂ ತಡವಾಗುವ ವಿಷಯದಲ್ಲಿ ಅನುಭವಿಯ ದುಃಖ ಮರುಕಳಿಸಿತು. ಅವನ ಸಮಾಧಾನಕ್ಕೆಂದು ನಾನು ವಿಕ್ಟೋರಿಯಾ ರಾಣಿಯ ಕಥೆ ಹೇಳಿದೆ. ಅವಳ ಮದುವೆಯಾದದ್ದು 1840ರಲ್ಲಿ, ಛಾಯಾಗ್ರಹಣ ಲೋಕಕ್ಕೆ ಪ್ರಕಟವಾದ ಮರುವರ್ಷ. ಆಲ್ಬರ್ಟ್‌ನೊಂದಿಗೆ ಅವಳು ನಿಂತಿರುವ, ಮದುವೆಯದೆಂದೇ ಅನೇಕರು ನಂಬಿರುವ ಚಿತ್ರಗಳನ್ನು ತೆಗೆದದ್ದು 1854ರಲ್ಲಿ. ‘ರಾಣಿಗೇ 14 ವರ್ಷ!’ ಎಂದು ಅವನ ಮುಖ ಅರಳಿತು. ಅರಳಿದ ಮುಖವನ್ನು ನೋಡಿ ಗೆಳತಿ ಮೆಲ್ಲಗೆ ಕೇಳಿದಳು: ‘ಆಲ್ಬಂಗೆ ಚಿತ್ರಗಳನ್ನು ಆರಿಸಿ ಕೊಡಲು ಅವರು ನಿನಗೆ ಹೇಳಿದ್ದರಲ್ಲವೇ? ಆ ಪಟ್ಟಿಯನ್ನು ನೀನು ಯಾವಾಗ ಕೊಟ್ಟೆ?’

‘ಮಗಳು ನಡೆಯಲು ಕಲಿತ ಮೇಲೆ’ ಎಂದ ಅನುಭವಿ, ನಮ್ಮ ಕಡೆ ನೋಡದೆ. ಸಾವಿರಾರು ಚಿತ್ರಗಳಲ್ಲಿ ನೂರನ್ನು ಆರಿಸುವಾಗ ಗಂಡ ಹೆಂಡತಿ ಇಬ್ಬರೂ ಚೆನ್ನಾಗಿ ಕಾಣುವ ಚಿತ್ರ ಸಿಗುವುದು ಅಪರೂಪವೆಂದೂ, ಹೆಂಡತಿ ಚೆನ್ನಾಗಿ ಕಾಣುವ ಚಿತ್ರಗಳಲ್ಲೆಲ್ಲ ತಾನು ಕಣ್ಣು ಮುಚ್ಚಿದ್ದೆನೆಂದೂ ಅವನು ಸಮರ್ಥಿಸಿಕೊಂಡ. ಕೊಡುವ ಗಡುವನ್ನು ಛಾಯಾಗ್ರಾಹಕರಿಗೂ, ಆರಿಸುವ ಗಡುವನ್ನು ದಂಪತಿಗೂ ಕರಾರಿನಲ್ಲಿಯೇ ಹಾಕಬೇಕೆಂದು ವಕೀಲನು ಟಿಪ್ಪಣಿ ಮಾಡಿಕೊಂಡ.

ಇಷ್ಟೆಲ್ಲ ಕೇಳಿದ ವರನಿಗೆ ಸುಲಭದ ದಾರಿಯೊಂದು ಹೊಳೆಯಿತು. ‘ಇದೆಲ್ಲ ಏಕೆ? ನೀನೇ ಬಂದು ತೆಗೆದುಬಿಡಬಹುದಲ್ಲ!’ ಎಂದು ಅವನು ಗೆಳತಿಗೆ ಹೇಳಿದ. ಅವಳು ಕೈಮುಗಿದಳು. ‘ಗೆಳತಿಗೆ ಈ ಕೆಲಸ ಒಪ್ಪಿಸಬೇಡ. ಚಿತ್ರ ಕೆಟ್ಟರೆ ನೀನು ಬೈಯಲಾರೆ, ಹಣ ಬರದಿದ್ದರೆ ನಾನು ಕೇಳಲಾರೆ, ಮದುವೆಯನ್ನಂತೂ ನಾನು ನೋಡುವುದೇ ಇಲ್ಲ. ನಾನು ಅತಿಥಿಯಾಗಿ ಬರುತ್ತೇನೆ, ಕ್ಯಾಮೆರಾ ತರುವುದಿಲ್ಲ.’

ವಕೀಲನು ಆಗಲೇ ಕಾಗದದ ಮೇಲೆ ‘ಸದರಿ ಅತಿಥಿಯು ಕ್ಯಾಮೆರಾ ತರತಕ್ಕದ್ದಲ್ಲ’ ಎಂದು ಬರೆದು ಅವಳ ಮುಂದಿಟ್ಟ. ಅವಳು ಓದಿ, ‘ಹಾಗೂ ಮೊಬೈಲಿನಲ್ಲಿ ತೆಗೆಯಲು ಯಾರೂ ಒತ್ತಾಯಿಸತಕ್ಕದ್ದಲ್ಲ’ ಎಂದು ಸೇರಿಸಿ ಸಹಿ ಮಾಡಿದಳು.