ವೀಡಿಯೊ ವೇಗವರ್ಧನೆಯ ಕೈಪಿಡಿ: ಮೊದಲು ಅನುಸ್ಥಾಪನೆಯೋ, ಮೊದಲು ಪರೀಕ್ಷೆಯೋ?

ಬಸವನಗುಡಿ_ಬರಹ:
ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ ಹಾರ್ಡ್‌ವೇರ್ ವೀಡಿಯೊ ವೇಗವರ್ಧನೆಯನ್ನು (ವೀಡಿಯೊ ಬಿಡಿಸುವ, ಅಂದರೆ ಡಿಕೋಡ್ ಮಾಡುವ ಕೆಲಸವನ್ನು ಸಿಪಿಯು ಬದಲು ಗ್ರಾಫಿಕ್ಸ್ ಚಿಪ್‌ಗೆ ವಹಿಸುವುದನ್ನು) ಹೊಂದಿಸಿಕೊಳ್ಳುವ ಬಗ್ಗೆ ನಮ್ಮ ಕನ್ನಡ ಕೈಪಿಡಿಯಲ್ಲಿ ಈಗಿರುವ ಪುಟ ಮೂರೇ ಹೆಜ್ಜೆಗಳದ್ದು. ನಾನ್-ಫ್ರೀ (ಮುಕ್ತವಲ್ಲದ ತಂತ್ರಾಂಶಗಳ) ವಿಭಾಗದಿಂದ ಇಂಟೆಲ್ ಮೀಡಿಯಾ ಡ್ರೈವರ್ ಹಾಕಿಕೊಳ್ಳಿ, ಲಿಬ್‌ವಿಎ (ವೀಡಿಯೊ ಪ್ರೋಗ್ರಾಂಗಳನ್ನು ಡ್ರೈವರ್‌ಗೆ ಜೋಡಿಸುವ ಲೈಬ್ರರಿ) ಯಾವ ಡ್ರೈವರ್ ಬಳಸಬೇಕೆಂದು ತಿಳಿಸುವ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ ಆ ಡ್ರೈವರ್‌ನ ಹೆಸರಾದ ‘ಐಎಚ್‌ಡಿ’ ಎಂದು ಕೊಡಿ, ಯಂತ್ರವನ್ನು ರೀಸ್ಟಾರ್ಟ್ ಮಾಡಿ ಎನ್ನುತ್ತದೆ ಅದು. ಇದನ್ನು ಹೊಸದಾಗಿ ಬರೆಯಬೇಕೆಂಬುದು ನನ್ನ ಪ್ರಸ್ತಾಪ.

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಹಳೆಯ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್ ಕೊಂಡು ಡೆಬಿಯನ್ ಹಾಕಿಕೊಂಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪುಟವನ್ನು ಓದಿ ನೋಡಿ. ಐಎಚ್‌ಡಿ ಡ್ರೈವರ್ ಕೆಲಸ ಮಾಡುವುದು ಬ್ರಾಡ್‌ವೆಲ್, ಅಂದರೆ ಐದನೇ ತಲೆಮಾರು ಮತ್ತು ಅದರ ನಂತರದ ಇಂಟೆಲ್ ಚಿಪ್‌ಗಳಲ್ಲಿ ಮಾತ್ರ. ಥಿಂಕ್‌ಪ್ಯಾಡ್ ಟಿ440ಯಲ್ಲಿರುವುದು ನಾಲ್ಕನೇ ತಲೆಮಾರಿನ ಹ್ಯಾಸ್ವೆಲ್; ಅದಕ್ಕೆ ಹಳೆಯ ಐ965 ಡ್ರೈವರ್ ಬೇಕು. ಲಿಬ್‌ವಿಎಯನ್ನು ಅದರ ಪಾಡಿಗೆ ಬಿಟ್ಟರೆ ಅದು ಮೊದಲು ಐಎಚ್‌ಡಿಯನ್ನು ಪ್ರಯತ್ನಿಸಿ, ಆಗದಿದ್ದರೆ ಐ965ಕ್ಕೆ ತಾನೇ ಹೋಗುತ್ತದೆ. ನಮ್ಮ ಪುಟ ಆ ದಾರಿಯನ್ನೇ ಮುಚ್ಚಿಬಿಡುತ್ತದೆ. ಆಮೇಲೆ ಬ್ರೌಸರ್ ಯಾವ ದೂರನ್ನೂ ಹೇಳದೆ ಸಿಪಿಯುವಿನಲ್ಲೇ ಡಿಕೋಡ್ ಮಾಡತೊಡಗುತ್ತದೆ. ವೀಡಿಯೊ ಓಡುತ್ತಿರುವುದರಿಂದ ಎಲ್ಲವೂ ಸರಿಯಾಗಿದೆ ಎಂದೇ ಓದುಗರು ತಿಳಿಯುತ್ತಾರೆ.

ಆದ್ದರಿಂದ ಪುಟ ಪರೀಕ್ಷೆಯಿಂದಲೇ ಆರಂಭವಾಗಲಿ. ‘ವಿಎಇನ್ಫೋ’ ಆಜ್ಞೆಯನ್ನು ಓಡಿಸಿದಾಗ ಬರುವ ಪಟ್ಟಿಯಲ್ಲಿ ಒಂದು ಕೋಡೆಕ್‌ನ (ವೀಡಿಯೊವನ್ನು ಕುಗ್ಗಿಸಿಡುವ ವಿಧಾನದ) ಮುಂದೆ ‘ವಿಎಲ್‌ಡಿ’ ಎಂದಿದ್ದರೆ ಆ ಚಿಪ್ ಅದನ್ನು ಡಿಕೋಡ್ ಮಾಡಬಲ್ಲದು, ‘ಎನ್ಕ್‌ಸ್ಲೈಸ್’ ಎಂದಿದ್ದರೆ ಎನ್‌ಕೋಡ್ ಮಾಡಬಲ್ಲದು ಎಂಬುದನ್ನು ಮೊದಲು ವಿವರಿಸಿ, ಏನನ್ನು ಹಾಕಿಕೊಳ್ಳಬೇಕು ಎಂಬುದನ್ನು ಅದರ ನಂತರ ಹೇಳೋಣ.

ಲ್ಯಾಬ್_ಮೇಷ್ಟ್ರು:
ವೇರಿಯಬಲ್ ಬಗ್ಗೆ ತಾವು ಹೇಳಿದ್ದು ಸರಿ, ಅದನ್ನು ಇಂದೇ ತೆಗೆಯಬಹುದು. ಆದರೆ ಪರೀಕ್ಷೆಯನ್ನು ಮುಂದಿಡುವುದನ್ನು ನಾನು ಒಪ್ಪುವುದಿಲ್ಲ. ನಾನು ಶಾಲೆಯೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ನನ್ನಂಥವರು ಈ ಪುಟಕ್ಕೆ ಬರುವುದು ಎರಡು ಪೀರಿಯಡ್‌ಗಳ ನಡುವಿನ ಬಿಡುವಿನಲ್ಲಿ. ‘ವಿಎಲ್‌ಡಿ’ ಎಂದರೇನು ಎಂದು ಓದುತ್ತ ಕೂರುವ ವ್ಯವಧಾನ ಆಗ ಇರುವುದಿಲ್ಲ. ಯಾವ ಆಜ್ಞೆಯನ್ನು ಅಂಟಿಸಬೇಕು ಎಂಬುದಷ್ಟೇ ಬೇಕಾಗಿರುತ್ತದೆ. ತಲೆಮಾರಿಗೊಂದರಂತೆ ಆಜ್ಞೆಗಳನ್ನು ಮೇಲೆ ಕೊಟ್ಟು, ವಿವರಣೆಯನ್ನು ಕೆಳಗಿಡಿ. ಬೇಕಾದವರು ಇಳಿದು ಓದುತ್ತಾರೆ.

ಕರ್ನಲ್_ಕಟ್ಟೆ:
ಆಜ್ಞೆಗಳನ್ನಷ್ಟೇ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಹ್ಯಾಸ್ವೆಲ್‌ಗಿಂತ ಬೇರೆ ಉದಾಹರಣೆ ಬೇಕಿಲ್ಲ. ಮೇಷ್ಟ್ರು ಟಿ440ಯಲ್ಲಿ ಐ965 ಡ್ರೈವರನ್ನೇ ಸರಿಯಾಗಿ ಹಾಕಿದರು ಎಂದುಕೊಳ್ಳೋಣ. ವಿಎಇನ್ಫೋ ಎಚ್.264, ಎಂಪೆಗ್-2, ವಿಸಿ-1 ಕೋಡೆಕ್‌ಗಳೆಲ್ಲವನ್ನೂ ತೋರಿಸುತ್ತದೆ. ಅಷ್ಟಾದರೂ ಯೂಟ್ಯೂಬ್ ತೆರೆದ ಕೂಡಲೇ ಫ್ಯಾನ್ ಜೋರಾಗುತ್ತದೆ, ಏಕೆಂದರೆ ಯೂಟ್ಯೂಬ್ ಕಳಿಸುವುದು ಹೆಚ್ಚಾಗಿ ವಿಪಿ9 ಅಥವಾ ಎವಿ1. ಇಂಟೆಲ್‌ನಲ್ಲಿ ವಿಪಿ9 ಪೂರ್ಣವಾಗಿ ಹಾರ್ಡ್‌ವೇರ್‌ನಲ್ಲೇ ಡಿಕೋಡ್ ಆಗತೊಡಗಿದ್ದು ಏಳನೇ ತಲೆಮಾರಿನ ಕೇಬಿ ಲೇಕ್‌ನಿಂದ, ಎವಿ1 ಬಂದದ್ದು 2020ರ ಟೈಗರ್ ಲೇಕ್‌ನಿಂದ. ಚಿಪ್‌ನಲ್ಲಿಯೇ ಇಲ್ಲದ ಸಾಮರ್ಥ್ಯಕ್ಕಾಗಿ ಡ್ರೈವರ್‌ಗಳನ್ನು ತೆಗೆದು ಹಾಕುತ್ತ ಕೂರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಇಲ್ಲಿ ಬೇಕಾದದ್ದು ಯೂಟ್ಯೂಬ್‌ನಿಂದ ಎಚ್.264 ಕೇಳಿ ಪಡೆಯುವ ‘ಎಚ್264ಇಫೈ’ಯಂಥ ಬ್ರೌಸರ್ ಎಕ್ಸ್‌ಟೆನ್ಶನ್ ಮಾತ್ರ, ಮತ್ತು ನಮ್ಮ ಪುಟದಲ್ಲಿ ಅದರ ಮಾತೇ ಇಲ್ಲ.

ನಾನ್-ಫ್ರೀ ಡ್ರೈವರ್ ಕೂಡ ಎಲ್ಲರಿಗೂ ಅಗತ್ಯವಿಲ್ಲ. ವೀಡಿಯೊ ನೋಡುವುದಕ್ಕೆ ಡೆಬಿಯನ್‌ನ ಮುಖ್ಯ ವಿಭಾಗದಲ್ಲಿರುವ ಮುಕ್ತ ಆವೃತ್ತಿಯೇ ಸಾಕು. ನಾನ್-ಫ್ರೀ ಆವೃತ್ತಿ ಬೇಕಾಗುವುದು ಮುಖ್ಯವಾಗಿ ಎನ್‌ಕೋಡಿಂಗ್‌ಗೆ.

ಯಲಹಂಕ_ರೇಡಿಯನ್:
ಎಲ್ಲರೂ ಇಂಟೆಲ್ ಒಂದನ್ನೇ ಹಿಡಿದಿದ್ದೀರಿ. ಎಎಂಡಿಯಲ್ಲಿ ಈ ಕೆಲಸ ಮೆಸಾ ಎಂಬ ಮುಕ್ತ ಗ್ರಾಫಿಕ್ಸ್ ಡ್ರೈವರ್‌ಗಳ ಗುಚ್ಛದ ಮೂಲಕ ನಡೆಯುತ್ತದೆ, ಆದ್ದರಿಂದ ಸಾಮಾನ್ಯವಾಗಿ ಇಷ್ಟು ತಲೆನೋವಿಲ್ಲ. ಆದರೆ ಪುಟದ ಶೀರ್ಷಿಕೆಯಲ್ಲಿ ‘ಲಿನಕ್ಸ್’ ಎಂದಿರುವುದನ್ನು ‘ಡೆಬಿಯನ್’ ಎಂದು ತಿದ್ದಲೇಬೇಕು. ಪೇಟೆಂಟ್ ಕಾರಣದಿಂದ ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ವಿತರಣೆ 2022ರಲ್ಲಿ ತನ್ನ ಮೆಸಾದಿಂದ ಎಚ್.264, ಎಚ್.265 ಮತ್ತು ವಿಸಿ-1ರ ವೇಗವರ್ಧನೆಯನ್ನು ಕೈಬಿಟ್ಟಿತು. ಅಲ್ಲಿನವರು ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ಭಂಡಾರದಿಂದ ಬೇರೆ ಪ್ಯಾಕೇಜ್ ತರಿಸಿಕೊಳ್ಳಬೇಕು. ನಮ್ಮ ಪುಟವನ್ನು ನಂಬಿದ ಫೆಡೋರಾ ಬಳಕೆದಾರರಿಗೆ ಈ ಸುಳಿವು ಎಲ್ಲೂ ಸಿಗುವುದಿಲ್ಲ.

ಫೈರ್‌ಫಾಕ್ಸ್ ವಿಷಯದಲ್ಲಂತೂ ಆವೃತ್ತಿಯ ಸಂಖ್ಯೆಯನ್ನು ಹೇಳದೆ ಒಂದು ವಾಕ್ಯವನ್ನೂ ಬರೆಯಬಾರದು. ಲಿನಕ್ಸ್‌ನಲ್ಲಿ ಇಂಟೆಲ್‌ಗೆ 115ನೇ ಆವೃತ್ತಿಯಿಂದ, ಎಎಂಡಿಗೆ 136ನೇ ಆವೃತ್ತಿಯಿಂದ ಹಾರ್ಡ್‌ವೇರ್ ಡಿಕೋಡಿಂಗ್ ತಾನಾಗಿಯೇ ಚಾಲೂ ಇರುತ್ತದೆ. ಅದಕ್ಕೂ ಹಿಂದಿನ ಬರಹಗಳನ್ನು ನೋಡಿ ಒಳಗಿನ ಸೆಟ್ಟಿಂಗ್‌ಗಳನ್ನು ಈಗಲೂ ತಿರುಚುವವರಿದ್ದಾರೆ.

ಲ್ಯಾಬ್_ಮೇಷ್ಟ್ರು:
ಕೋಡೆಕ್‌ನ ಮಾತು ನನಗೆ ಮನವರಿಕೆಯಾಯಿತು. ಆದರೆ ಪರೀಕ್ಷೆ ಎಂದರೆ ವಿಎಇನ್ಫೋ ಎಂಬಲ್ಲಿಗೆ ತಾವು ನಿಲ್ಲಿಸುತ್ತಿದ್ದೀರಿ. ಅದು ಹೇಳುವುದು ಚಿಪ್ ಮತ್ತು ಡ್ರೈವರ್ ಏನು ಮಾಡಬಲ್ಲವು ಎಂಬುದನ್ನು. ಬ್ರೌಸರ್ ಈಗ ಅದನ್ನು ಬಳಸುತ್ತಿದೆಯೇ ಎಂಬುದನ್ನಲ್ಲ. ಫ್ಲಾಟ್‌ಪ್ಯಾಕ್‌ನಿಂದ (ಪ್ರೋಗ್ರಾಂಗಳನ್ನು ಉಳಿದ ವ್ಯವಸ್ಥೆಯಿಂದ ಪ್ರತ್ಯೇಕವಾಗಿಡುವ ಪ್ಯಾಕೇಜ್ ವಿಧಾನದಿಂದ) ಹಾಕಿದ ಫೈರ್‌ಫಾಕ್ಸ್ ತನ್ನ ರನ್‌ಟೈಮ್‌ನೊಳಗಿನ ಡ್ರೈವರ್‌ಗಳನ್ನು ಬಳಸುತ್ತದೆ, ಹೊರಗೆ ವಿಎಇನ್ಫೋ ಏನು ಹೇಳಿದರೂ ಅದಕ್ಕೆ ಸಂಬಂಧವಿಲ್ಲ. ಇನ್ನೊಂದು ವಿಷಯ: ನಾನು ನನ್ನ ಮೇಜಿನಿಂದ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ವಿಧಾನ) ಮೂಲಕ ಯಂತ್ರಗಳೊಳಗೆ ಹೋಗುತ್ತೇನೆ. ಅಲ್ಲಿ ಡಿಸ್‌ಪ್ಲೇ ‘ಡಿಆರ್‌ಎಂ’ (ಪರದೆಯ ನೆರವಿಲ್ಲದೆ ಗ್ರಾಫಿಕ್ಸ್ ಸಾಧನವನ್ನು ನೇರವಾಗಿ ತೆರೆಯುವ ದಾರಿ) ಎಂದು ಪ್ರತ್ಯೇಕವಾಗಿ ಹೇಳದಿದ್ದರೆ ವಿಎಇನ್ಫೋ ಡಿಸ್‌ಪ್ಲೇ ಸಿಗಲಿಲ್ಲ ಎಂದು ದೂರಬಹುದು, ಜೊತೆಗೆ ಬಳಕೆದಾರರು ಗ್ರಾಫಿಕ್ಸ್ ಸಾಧನವನ್ನು ಬಳಸಲು ಅನುಮತಿ ಕೊಡುವ ‘ರೆಂಡರ್’ ಗುಂಪಿನಲ್ಲಿಯೂ ಇರಬೇಕು. ಪರದೆಯ ಮುಂದೆ ಕೂತು ಲಾಗಿನ್ ಆದವರಿಗೆ ಆ ಗುಂಪು ಬೇಕಾಗುವುದಿಲ್ಲ. ಈ ವ್ಯತ್ಯಾಸವನ್ನು ಬರೆಯದಿದ್ದರೆ ತಮ್ಮ ಪರೀಕ್ಷೆಯೇ ಓದುಗರನ್ನು ದಾರಿ ತಪ್ಪಿಸುತ್ತದೆ.

ಬಸವನಗುಡಿ_ಬರಹ:
ಹಾಗಾದರೆ ಪರೀಕ್ಷೆ ಎರಡು ಹಂತದ್ದಾಗಲಿ. ವಿಎಇನ್ಫೋದಿಂದ ಸಾಮರ್ಥ್ಯವನ್ನು ತಿಳಿಯುವುದು ಒಂದು. ವೀಡಿಯೊ ಓಡುತ್ತಿರುವಾಗಲೇ ‘ಇಂಟೆಲ್ ಜಿಪಿಯು ಟಾಪ್’ ತೆರೆದು, ಅದರಲ್ಲಿನ ‘ವೀಡಿಯೊ’ ಸಾಲು ಸೊನ್ನೆಯಿಂದ ಮೇಲೇಳುತ್ತದೆಯೇ ಎಂದು ನೋಡುವುದು ಇನ್ನೊಂದು. ಆ ಸಾಲು ಸೊನ್ನೆಯಲ್ಲೇ ನಿಂತಿದ್ದರೆ ಕೆಲಸ ಸಿಪಿಯುವಿನಲ್ಲಿ ನಡೆಯುತ್ತಿದೆ ಎಂದು ಅರ್ಥ.

ಕರ್ನಲ್_ಕಟ್ಟೆ:
ಅದಕ್ಕೆ ಸಾಮಾನ್ಯವಾಗಿ ರೂಟ್ (ಯಂತ್ರದ ಮೇಲ್ವಿಚಾರಕರ) ಅನುಮತಿ ಬೇಕು. ಮನೆಯ ಯಂತ್ರದಲ್ಲಿ ಅಡ್ಡಿಯಿಲ್ಲ, ಲ್ಯಾಬ್‌ನಲ್ಲಿ ಮಕ್ಕಳ ಖಾತೆಯಿಂದ ಅದು ಸಾಧ್ಯವಾಗದು. ಎಂಪಿವಿ ಎಂಬ ವೀಡಿಯೊ ಪ್ಲೇಯರ್‌ನಲ್ಲಿ ಒಂದು ಫೈಲನ್ನು ಹಾರ್ಡ್‌ವೇರ್ ಡಿಕೋಡಿಂಗ್ ಚಾಲೂ ಮಾಡಿ ಓಡಿಸಿ ‘ಐ’ ಕೀಲಿಯನ್ನು ಒತ್ತಿದರೆ, ಡಿಕೋಡಿಂಗ್ ವಿಎ-ಎಪಿಐ (ಲಿಬ್‌ವಿಎ ಒದಗಿಸುವ ದಾರಿ) ಮೂಲಕ ನಡೆಯುತ್ತಿದೆಯೇ ಇಲ್ಲವೇ ಎಂಬುದು ಪರದೆಯ ಮೇಲೆಯೇ ಕಾಣುತ್ತದೆ. ಯಾವ ಅನುಮತಿಯೂ ಬೇಡ. ಎಂಪಿವಿಯಲ್ಲಿ ಸರಿಯಿದ್ದು ಬ್ರೌಸರ್‌ನಲ್ಲಿ ಸರಿಯಿಲ್ಲದಿದ್ದರೆ ಹುಡುಕಬೇಕಾದ ಜಾಗ ಬ್ರೌಸರ್ ಮಾತ್ರ. ಮೇಷ್ಟ್ರಿಗೆ ಬೇಕಾದ ಅಂಟಿಸುವ ಆಜ್ಞೆಯಾಗಿ ಇದನ್ನೇ ಪುಟದ ಮೊದಲ ಸಾಲಿಗೆ ಇಡಬಹುದು.

ಲ್ಯಾಬ್_ಮೇಷ್ಟ್ರು:
ಅದಾದರೆ ನನ್ನ ಆಕ್ಷೇಪವಿಲ್ಲ. ಆದರೂ ತಲೆಮಾರುಗಳ ಪಟ್ಟಿ ಮೇಲೆಯೇ ಇರಲಿ ಎಂಬುದನ್ನು ನಾನು ಬಿಡುವುದಿಲ್ಲ. ಹ್ಯಾಸ್ವೆಲ್‌ನ ಸಾಲಿನಲ್ಲಿ ಎಕ್ಸ್‌ಟೆನ್ಶನ್ ಬಗ್ಗೆ ಬರೆಯುವಾಗ, ಎಚ್.264ರಲ್ಲಿ ಯೂಟ್ಯೂಬ್ ಸಾಮಾನ್ಯವಾಗಿ 1080ಪಿಗಿಂತ ಹೆಚ್ಚಿನದನ್ನು ಕೊಡುವುದಿಲ್ಲ ಎಂಬುದನ್ನೂ ಸೇರಿಸಿ. ನಮ್ಮ ಲ್ಯಾಬ್‌ನ ಟಿ440ಗಳ ಪರದೆ 1366×768 ಆದ್ದರಿಂದ ಅಲ್ಲಿ ಕಳೆದುಕೊಳ್ಳುವುದೇನೂ ಇಲ್ಲ, ಆದರೆ ದೊಡ್ಡ ಮಾನಿಟರ್ ಜೋಡಿಸಿಕೊಂಡವರು ಮೊದಲೇ ತಿಳಿದಿರಬೇಕು.