ಅಪ್‌ಡೇಟ್: ಯುಗಾದಿಗೆ ತರಕಾರಿ ಮಡಿ ಸಿದ್ಧ

ಹಿತ್ತಲಿನ ಕೆಂಪು ಮಣ್ಣು ಒಣಗಿ ಕಲ್ಲಾಗಿದೆ, ಯುಗಾದಿ ಹೊತ್ತಿಗೆ ಬೆಂಡೆ, ಹೀರೆ ಹಾಕಲು ಹೇಗೆ ಹದ ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ನೀರುಣಿಸಿ, ಹದ ಬಂದ ಮೇಲೆ ಅಗೆಯಿರಿ ಎಂಬ ಸಲಹೆಯೇ ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ಹಿಡಿಯಲ್ಲಿ ಒತ್ತಿದ ಮಣ್ಣು ಉಂಡೆಯಾಗಿ, ಬೆರಳು ತಾಗಿದೊಡನೆ ಪುಡಿಯಾದ ದಿನ ಗುದ್ದಲಿ ಹಿಡಿದೆ, ಸಲೀಸಾಗಿ ಇಳಿಯಿತು. ಗರಿಕೆಯ ಬೇರನ್ನು ಮಾತ್ರ ಕೈಯಿಂದಲೇ ಹೆಕ್ಕಬೇಕು, ತುಂಡು ಉಳಿದರೂ ಚಿಗುರುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದ ಜೊತೆ ಬೇವಿನ ಹಿಂಡಿ ಬೆರೆಸಿದ್ದೇನೆ. ಹಸಿ ಸಗಣಿ ಬೇಡವೆಂದದ್ದು ಸರಿ, ಅದಕ್ಕೆ ಗೊಣ್ಣೆಹುಳು ಬರುತ್ತದೆ.

ಬೇಸಿಗೆಯಲ್ಲಿ ಏರುಮಡಿ ಬೇಗ ಒಣಗುವುದರಿಂದ ಸಾಲು ತೆಗೆದು, ಮೇಲೆ ಒಣಹುಲ್ಲು ಹೊದಿಸಿದೆ. ರಾತ್ರಿ ನೆನೆಹಾಕಿ ಊರಿದ ಬೆಂಡೆ ಬೀಜ ಆಗಲೇ ಮೊಳೆತಿದೆ. ಹೀರೆಗೆ ಚಪ್ಪರ ಇನ್ನೂ ಬಾಕಿ. ಬಿದಿರಿನ ಗಳ ಸಿಕ್ಕ ಕೂಡಲೇ ಕಟ್ಟುತ್ತೇನೆ.